ದ್ರಾಕ್ಷಿ ಬಳ್ಳಿಯ ಬೇರಿನೊಳಗೆ ಬದುಕುವ ಶಿಲೀಂಧ್ರ

ದ್ರಾಕ್ಷಿ ಬಳ್ಳಿಯ ಬುಡದಿಂದ ಸ್ವಲ್ಪ ದೂರದಲ್ಲಿ ಮಣ್ಣು ಕೆದಕಿ ನಾಲ್ಕಾರು ಎಳೆ ಬೇರು ತೆಗೆದುಕೊಳ್ಳಿ. ದಪ್ಪ ಬೇರು ಬೇಡ. ದಾರದಷ್ಟು ತೆಳ್ಳಗಿರುವ, ತಿಳಿ ಬಣ್ಣದವು ಬೇಕು. ಅವನ್ನು ತೊಳೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿದರೆ ಒಳಗಿನ ಬಣ್ಣವೆಲ್ಲ ಹೋಗಿ ಬೇರು ಪಾರದರ್ಶಕವಾಗುತ್ತದೆ. ಆಮೇಲೆ ವಿನೆಗರ್‌ಗೆ ನೂರಕ್ಕೆ ಐದು ಭಾಗ ಪೆನ್ನಿನ ಇಂಕು ಬೆರೆಸಿ ಅದರಲ್ಲಿ ಮೂರು ನಿಮಿಷ ಕುದಿಸಬೇಕು. ನೀರಲ್ಲಿ ಜಾಲಾಡಿದರೆ ಬೇರಿಗೆ ಹತ್ತಿದ ಇಂಕು ಬಿಟ್ಟುಹೋಗುತ್ತದೆ. ಶಿಲೀಂಧ್ರಕ್ಕೆ ಹತ್ತಿದ್ದು ಮಾತ್ರ ಉಳಿಯುತ್ತದೆ. 1998ರಿಂದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ವಿಧಾನ ಇದು. ಹೈಡ್ರಾಕ್ಸೈಡ್ ಚರ್ಮವನ್ನು ಸುಡುತ್ತದೆ, ಹಾಗಾಗಿ ಇದನ್ನು ಪ್ರಯೋಗಾಲಯದಲ್ಲೇ ಮಾಡುವುದು ಒಳ್ಳೆಯದು.

ಈಗ ಬೇರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಬೇರಿನ ಉದ್ದಕ್ಕೂ, ಕೋಶಗಳ ನಡುವಿನ ಸಂದಿಯಲ್ಲಿ ನೀಲಿ ಎಳೆಗಳು ಹಾದುಹೋಗಿರುತ್ತವೆ. ಅಲ್ಲಲ್ಲಿ ಉಬ್ಬಿದ ಮೊಟ್ಟೆಯಾಕಾರದ ಚೀಲಗಳು. ಅವು ಎಣ್ಣೆ ತುಂಬಿದ ಉಗ್ರಾಣಗಳು. ಇನ್ನೂ ಹತ್ತಿರದಿಂದ ನೋಡಿದರೆ ಕೆಲವು ಕೋಶಗಳ ಒಳಗೆ ಎಳೆ ನುಗ್ಗಿ, ಕವಲಾಗಿ, ಆ ಕವಲು ಮತ್ತೆ ಕವಲಾಗಿ, ಕೋಶದ ತುಂಬಾ ಒಂದು ಪುಟ್ಟ ಮರದ ಹಾಗೆ ಹರಡಿರುತ್ತದೆ. ಇದಕ್ಕೆ ಅರ್ಬಸ್ಕ್ಯೂಲ್ ಎನ್ನುತ್ತಾರೆ. ಬಳ್ಳಿ ಮತ್ತು ಶಿಲೀಂಧ್ರದ ನಡುವಿನ ಕೊಡು-ಕೊಳ್ಳುವಿಕೆಯೆಲ್ಲ ನಡೆಯುವುದು ಇಲ್ಲೇ.

ಈ ಸಂಬಂಧಕ್ಕೆ ಮೈಕೊರೈಝಾ ಎಂದು ಹೆಸರು. ದ್ರಾಕ್ಷಿಯಲ್ಲಿರುವುದು ಅರ್ಬಸ್ಕ್ಯುಲರ್ ಮೈಕೊರೈಝಾ. ಮಾರುಕಟ್ಟೆಯ ಪ್ಯಾಕೆಟ್‌ಗಳ ಮೇಲೆ 'ವ್ಯಾಮ್' ಎಂದು ಬರೆದಿರುತ್ತದಲ್ಲ, ಅದೂ ಇದೇ. ಆದರೆ ಪ್ಯಾಕೆಟ್ಟಿನ ವಿಷಯ ಆಮೇಲೆ. ನಾನು ಹೇಳಬೇಕೆಂದಿರುವುದು ಬೇರೆ. ಹೆಚ್ಚಿನ ದ್ರಾಕ್ಷಿ ತೋಟಗಳಲ್ಲಿ ಈ ಶಿಲೀಂಧ್ರ ಈಗಾಗಲೇ ಇದೆ. ನಾವು ಮಾಡುವ ಕೆಲಸಗಳಲ್ಲಿ ಯಾವುದು ಅದನ್ನು ಉಳಿಸುತ್ತದೆ, ಯಾವುದು ಕೊಲ್ಲುತ್ತದೆ ಎಂದು ತಿಳಿಯುವುದೇ ಇಲ್ಲಿ ಮುಖ್ಯ. ಅದನ್ನು ತಿಳಿಯಲು ಈ ಜೀವಿ ಬದುಕುವ ರೀತಿಯನ್ನು ಸ್ವಲ್ಪ ನೋಡಬೇಕು.

ಇದು ಎಂಥ ಶಿಲೀಂಧ್ರ?

ದ್ರಾಕ್ಷಿ ಬೆಳೆಯುವವರಿಗೆ ಶಿಲೀಂಧ್ರ ಎಂದ ತಕ್ಷಣ ಡೌನಿ, ಬೂದಿ ರೋಗ ನೆನಪಾಗುತ್ತವೆ. ಮೈಕೊರೈಝಾ ಆ ಗುಂಪಿಗೆ ಸೇರಿದ್ದಲ್ಲ. ಇದು ಅಣಬೆ ಬಿಡುವುದಿಲ್ಲ, ಎಲೆಗೆ ಹತ್ತುವುದಿಲ್ಲ, ಕೊಳೆತ ವಸ್ತುವನ್ನು ತಿಂದು ಬದುಕುವುದಿಲ್ಲ. ಜೀವಂತ ಬೇರು ಸಿಕ್ಕದಿದ್ದರೆ ಇದರ ಬದುಕು ಮುಂದುವರಿಯುವುದೇ ಇಲ್ಲ. ಬೀಜಕ ಮೊಳೆತರೂ ಸ್ವಲ್ಪ ದೂರ ಎಳೆ ಚಾಚಿ, ಬೇರು ಸಿಗದೆ ನಿಂತುಹೋಗುತ್ತದೆ. ಟ್ರೈಕೋಡರ್ಮಾ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ತುಂಬಾ ಜನ. ಟ್ರೈಕೋಡರ್ಮಾ ಮಣ್ಣಲ್ಲಿ ಸ್ವತಂತ್ರವಾಗಿ ಬದುಕುತ್ತದೆ, ಬೇರೆ ಶಿಲೀಂಧ್ರಗಳ ಮೇಲೆ ದಾಳಿ ಮಾಡುತ್ತದೆ, ಪ್ರಯೋಗಾಲಯದ ತಟ್ಟೆಯಲ್ಲೂ ಸಲೀಸಾಗಿ ಬೆಳೆಯುತ್ತದೆ. ಮೈಕೊರೈಝಾವನ್ನು ಹಾಗೆ ಬೆಳೆಸಲು ಆಗುವುದಿಲ್ಲ. ಅದನ್ನು ಹೆಚ್ಚಿಸಬೇಕಾದರೆ ಯಾವುದಾದರೂ ಬೇರಿನ ಜೊತೆಗೇ ಹೆಚ್ಚಿಸಬೇಕು.

ಇದು ಬಹಳ ಹಳೆಯ ಸಂಬಂಧ. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಹತ್ತಿರ ಸುಮಾರು 40 ಕೋಟಿ ವರ್ಷ ಹಳೆಯ ಶಿಲೆಗಳಿವೆ. ಅವುಗಳಲ್ಲಿ ಸಿಕ್ಕಿಕೊಂಡ ಗಿಡಗಳ ಕೋಶಗಳ ಒಳಗೂ ಅರ್ಬಸ್ಕ್ಯೂಲ್‌ಗಳು ಕಾಣುತ್ತವೆ. ಆ ಗಿಡಗಳಿಗೆ ಇನ್ನೂ ನಿಜವಾದ ಬೇರೇ ಇರಲಿಲ್ಲ! ಅಂದರೆ ಗಿಡಗಳಿಗೆ ಬೇರು ಬರುವ ಮೊದಲೇ ಈ ಜೊತೆಗಾರಿಕೆ ಶುರುವಾಗಿತ್ತು. ಇವತ್ತಿಗೂ ನೆಲದ ಮೇಲಿನ ಗಿಡಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜಾತಿಗಳು ಈ ಬಗೆಯ ಶಿಲೀಂಧ್ರದ ಜೊತೆ ಬದುಕುತ್ತವೆ. ದ್ರಾಕ್ಷಿ ಅವುಗಳಲ್ಲಿ ಒಂದು, ಅದೂ ಜಾಸ್ತಿಯೇ ಅವಲಂಬಿಸಿರುವ ಗಿಡ.

ತೋಟಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಎರಡು ಜಾತಿಗಳ ಹೆಸರು ಗೊತ್ತಿದ್ದರೆ ಸಾಕು: ರೈಝೋಫೇಗಸ್ ಇರ್‍ರೆಗ್ಯುಲಾರಿಸ್ ಮತ್ತು ಫನೆಲಿಫಾರ್ಮಿಸ್ ಮೊಸ್ಸೆಯೆ. ಎರಡನೆಯದಕ್ಕೆ ಬಾರ್ಬರಾ ಮಾಸ್ ಅವರ ಹೆಸರಿಟ್ಟಿದ್ದಾರೆ. ಈ ಶಿಲೀಂಧ್ರಗಳು ಗಿಡದ ಬೆಳವಣಿಗೆಗೆ ನೆರವಾಗುತ್ತವೆ ಎಂದು 1950ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದವರಲ್ಲಿ ಇಂಗ್ಲೆಂಡಿನ ಈ ವಿಜ್ಞಾನಿ ಪ್ರಮುಖರು. ಅಲ್ಲಿಯವರೆಗೆ ಇದನ್ನು ಬೇರಿನಲ್ಲಿರುವ ಒಂದು ವಿಚಿತ್ರ ಎಂದಷ್ಟೇ ನೋಡುತ್ತಿದ್ದವರು ಬಹಳ.

ರಂಜಕದ ಸಮಸ್ಯೆ

ದ್ರಾಕ್ಷಿಗೆ ಈ ನೆರವು ಯಾಕೆ ಬೇಕು? ಉತ್ತರ ಎರಡು ಕಡೆ ಇದೆ. ಒಂದು ಬೇರಿನ ರಚನೆಯಲ್ಲಿ, ಇನ್ನೊಂದು ರಂಜಕದ ಸ್ವಭಾವದಲ್ಲಿ.

ಹುಲ್ಲಿನ ಬೇರನ್ನು ನೋಡಿದ್ದೀರಿ ಅಲ್ವಾ? ತುಂಬಾ ತೆಳ್ಳಗೆ, ತುಂಬಾ ಕವಲು, ಮೈತುಂಬಾ ಬೇರುಗೂದಲು. ದ್ರಾಕ್ಷಿಯ ಬೇರು ಹಾಗಿಲ್ಲ. ಅದರ ಅತಿ ಸಣ್ಣ ಬೇರೂ ಹುಲ್ಲಿನ ಬೇರಿಗಿಂತ ದಪ್ಪ. ಬೇರುಗೂದಲು ಕಡಿಮೆ. ಬೇರು ಆಳಕ್ಕೆ ಇಳಿಯುತ್ತದೆ ನಿಜ, ಆದರೆ ಒಂದು ಹಿಡಿ ಮಣ್ಣಿನಲ್ಲಿ ಇರುವ ಬೇರಿನ ಒಟ್ಟು ಉದ್ದ ಬಹಳ ಕಡಿಮೆ.

ಇನ್ನು ರಂಜಕ. ನೈಟ್ರೇಟ್ ನೀರಿನ ಜೊತೆ ಹರಿದು ಬೇರಿನ ಹತ್ತಿರ ಬರುತ್ತದೆ. ರಂಜಕ ಹಾಗೆ ಬರುವುದಿಲ್ಲ. ಹುಳಿ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ನೀರಿನಲ್ಲಿ ಕರಗಿರುವ ಸ್ವಲ್ಪ ರಂಜಕವೂ ದಿನಕ್ಕೆ ಒಂದು ಮಿಲಿಮೀಟರಿನ ಸಣ್ಣ ಭಾಗದಷ್ಟು ಮಾತ್ರ ಸರಿಯುತ್ತದೆ. ಹೀಗಾಗಿ ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನ ರಂಜಕವನ್ನು ಬೇಗ ಖಾಲಿ ಮಾಡಿಬಿಡುತ್ತದೆ. ಆಮೇಲೆ ಆ ಬೇರಿನ ಸುತ್ತ ಬರಿದಾದ ಒಂದು ಪಟ್ಟಿ. ಅದರಾಚೆ ರಂಜಕ ಇದೆ, ಆದರೆ ಬೇರಿಗೆ ಎಟುಕುವುದಿಲ್ಲ. ಮಣ್ಣಿನ ಪರೀಕ್ಷೆಯಲ್ಲಿ ಒಟ್ಟು ರಂಜಕ ಸಾಕಷ್ಟಿದ್ದರೂ ಗಿಡಕ್ಕೆ ಕೊರತೆಯಾಗಲು ಇದು ಒಂದು ಕಾರಣ.

ಶಿಲೀಂಧ್ರದ ಎಳೆ ಈ ಬರಿದಾದ ಪಟ್ಟಿಯನ್ನು ದಾಟುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೇರು ತೂರಲಾಗದ ಸಂದಿಗಳಲ್ಲಿ ಅದು ತೂರುತ್ತದೆ. ಬೇರಿನಿಂದ ಹಲವು ಸೆಂಟಿಮೀಟರ್ ದೂರ ಹೋಗಿ ರಂಜಕ ಹೀರಿ, ಎಳೆಯ ಒಳಗಿನ ಹರಿವಿನಲ್ಲಿ ಸಾಗಿಸಿ, ಅರ್ಬಸ್ಕ್ಯೂಲ್‌ಗೆ ತಂದು ಇಳಿಸುತ್ತದೆ. ಎಳೆಯೊಳಗೆ ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಸಾಗಣೆಗೆ ತಡೆಯಿಲ್ಲ. ಒಂದು ಗ್ರಾಂ ಮಣ್ಣಿನಲ್ಲಿ ಈ ಎಳೆಗಳ ಒಟ್ಟು ಉದ್ದ ಹಲವು ಮೀಟರ್ ಇರುತ್ತದೆ. ಅಷ್ಟೇ ಉದ್ದದ ಬೇರನ್ನು ಬೆಳೆಸಬೇಕಾದರೆ ಬಳ್ಳಿಗೆ ಎಷ್ಟು ಆಹಾರ ಖರ್ಚಾಗುತ್ತಿತ್ತು ಎಂದು ಯೋಚಿಸಿ.

ಅಮೆರಿಕದ ಒರೆಗಾನ್ ರಾಜ್ಯದ ಜೋರಿ ಎಂಬ ಕೆಂಪು ಮಣ್ಣು ದ್ರಾಕ್ಷಿಗೆ ಹೆಸರುವಾಸಿ. ಅದು ರಂಜಕವನ್ನು ಬಿಗಿಯಾಗಿ ಹಿಡಿದಿಡುವ ಮಣ್ಣು ಕೂಡ. ಅಲ್ಲಿ ಪಿನೋ ನ್ವಾರ್ ಬಳ್ಳಿಗಳ ಮೇಲೆ ನಡೆದ ಕುಂಡದ ಪ್ರಯೋಗಗಳಲ್ಲಿ, ಈ ಶಿಲೀಂಧ್ರ ಇಲ್ಲದ ಬಳ್ಳಿಗಳು ರಂಜಕ ಸಿಗದೆ ಕುಂಠಿತವಾದವು. ಇದಕ್ಕಿಂತ ಹಳೆಯ ಉದಾಹರಣೆ ನಿಂಬೆ, ಕಿತ್ತಳೆ ಜಾತಿಯ ನರ್ಸರಿಗಳದ್ದು. ರೋಗ ಬರಬಾರದೆಂದು ಮಣ್ಣಿಗೆ ವಿಷದ ಹೊಗೆ ಹಾಯಿಸಿದ ಮೇಲೆ ಸಸಿಗಳು ಚೆನ್ನಾಗಿ ಬೆಳೆಯಬೇಕಿತ್ತು. ಬದಲಿಗೆ ಗಿಡ್ಡವಾಗಿ ನಿಂತವು. ಮೈಕೊರೈಝಾ ಸತ್ತುಹೋಗಿದ್ದೇ ಕಾರಣ ಎಂದು 1972ರಲ್ಲಿ ತೋರಿಸಿದರು.

ಬೇರು ಕರೆಯುತ್ತದೆ, ಬೇರೇ ಬೇಡ ಎನ್ನುತ್ತದೆ

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ರಂಜಕ ಸಾಲದಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಬಿಡುತ್ತದೆ. ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜ ಈ ರಾಸಾಯನಿಕವನ್ನು ಗುರುತಿಸಿ ಮೊಳೆಯುತ್ತದೆ ಎಂದು 1960ರ ದಶಕದಿಂದಲೇ ಗೊತ್ತಿತ್ತು. ತನ್ನ ಬೇರಿಗೆ ಶತ್ರುವನ್ನು ಕರೆಯುವ ವಸ್ತುವನ್ನು ಗಿಡ ಯಾಕೆ ತಯಾರಿಸುತ್ತದೆ ಎನ್ನುವುದು ಮಾತ್ರ ಒಗಟಾಗಿತ್ತು. 2005ರಲ್ಲಿ ಜಪಾನಿನ ಸಂಶೋಧಕರು ಉತ್ತರ ಕೊಟ್ಟರು. ಈ ರಾಸಾಯನಿಕ ತಾಗಿದರೆ ಮೈಕೊರೈಝಾದ ಎಳೆ ಹುರುಪಿನಿಂದ ಕವಲೊಡೆಯುತ್ತದೆ. ಗಿಡ ಕರೆಯುತ್ತಿದ್ದದ್ದು ಜೊತೆಗಾರನನ್ನು. ಕಳೆ ಆ ಕರೆಯನ್ನು ಕದ್ದು ಕೇಳಿಸಿಕೊಳ್ಳುತ್ತಿತ್ತು.

ಶಿಲೀಂಧ್ರವೂ ತನ್ನ ಕಡೆಯಿಂದ ಸಂಕೇತ ಕಳಿಸುತ್ತದೆ. ಅದು ಸಿಕ್ಕ ಮೇಲೆ ಬೇರು ದಾರಿ ಬಿಡುತ್ತದೆ. ಎಳೆ ಒಳಗೆ ಬಂದು ಕೋಶದ ಗೋಡೆಯನ್ನು ದಾಟುತ್ತದೆ, ಆದರೆ ಕೋಶದ ಪೊರೆಯನ್ನು ಹರಿಯುವುದಿಲ್ಲ. ಪೊರೆ ಅರ್ಬಸ್ಕ್ಯೂಲ್‌ನ ಪ್ರತಿ ಕವಲನ್ನೂ ಸುತ್ತಿಕೊಂಡು ತಾನೂ ಬೆಳೆಯುತ್ತದೆ. ಆ ಪೊರೆಯಲ್ಲಿ ರಂಜಕವನ್ನು ಒಳಗೆ ಎಳೆದುಕೊಳ್ಳಲೆಂದೇ ಇರುವ ಪ್ರೋಟೀನುಗಳಿವೆ. ಒಂದೊಂದು ಅರ್ಬಸ್ಕ್ಯೂಲ್ ಬದುಕುವುದು ಕೆಲವೇ ದಿನ. ಆಮೇಲೆ ಅದು ಕುಸಿಯುತ್ತದೆ, ಕೋಶ ಮಾತ್ರ ಹಾಗೇ ಉಳಿಯುತ್ತದೆ, ಪಕ್ಕದಲ್ಲಿ ಹೊಸದು ಹುಟ್ಟುತ್ತದೆ.

ಬದಲಿಗೆ ಗಿಡ ಏನು ಕೊಡುತ್ತದೆ? ಸಕ್ಕರೆ ಕೊಡುತ್ತದೆ ಎಂದು ಮೊದಲಿನಿಂದ ತಿಳಿದಿತ್ತು. 2017ರಲ್ಲಿ ಬೇರೆ ಬೇರೆ ಸಂಶೋಧನಾ ತಂಡಗಳು ಇನ್ನೊಂದು ಸಂಗತಿ ತೋರಿಸಿದವು. ಗಿಡ ಕೊಬ್ಬಿನಾಮ್ಲವನ್ನೂ ಕೊಡುತ್ತದೆ. ಈ ಶಿಲೀಂಧ್ರಕ್ಕೆ ಅದನ್ನು ಮೊದಲಿನಿಂದ ತಯಾರಿಸಿಕೊಳ್ಳುವ ಜೀನ್‌ಗಳೇ ಇಲ್ಲ. ಬೇರಿಲ್ಲದೆ ಅದು ಯಾಕೆ ಬದುಕಲಾರದು ಎನ್ನುವುದಕ್ಕೆ ಇದು ದೊಡ್ಡ ಕಾರಣ. ಒಟ್ಟಿನಲ್ಲಿ ಎಲೆಗಳು ಬಿಸಿಲಿನಿಂದ ಮಾಡಿದ ಆಹಾರದಲ್ಲಿ ನೂರಕ್ಕೆ 4ರಿಂದ 20 ಭಾಗ ಶಿಲೀಂಧ್ರಕ್ಕೆ ಹೋಗುತ್ತದೆ ಎಂದು ಅಂದಾಜು. ಸಣ್ಣ ಬೆಲೆಯೇನಲ್ಲ.

ಬೆಲೆ ಇಷ್ಟಿರುವುದರಿಂದಲೇ ಗಿಡ ಲೆಕ್ಕ ಇಡುತ್ತದೆ. ಮಣ್ಣಿನಲ್ಲಿ ಸುಲಭವಾಗಿ ಸಿಗುವ ರಂಜಕ ಜಾಸ್ತಿಯಾದರೆ ಬೇರು ಸ್ಟ್ರೈಗೋಲ್ಯಾಕ್ಟೋನ್ ಬಿಡುವುದನ್ನು ಕಡಿಮೆ ಮಾಡುತ್ತದೆ, ಹೊಸ ಎಳೆಗಳನ್ನು ಒಳಗೆ ಬಿಟ್ಟುಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ವರ್ಷ ವರ್ಷ ಡಿಎಪಿ, ಸೂಪರ್ ಫಾಸ್ಫೇಟ್ ಸುರಿಯುವ ತೋಟದಲ್ಲಿ ಮೈಕೊರೈಝಾ ಸೊರಗುವುದು ಹೀಗೆ. ರಸಗೊಬ್ಬರ ಶಿಲೀಂಧ್ರವನ್ನು ನೇರವಾಗಿ ಸುಟ್ಟುಹಾಕುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಬಾಗಿಲು ಹಾಕುವುದು ಬಳ್ಳಿಯೇ.

ದ್ರಾಕ್ಷಿಗೆ ಬೇಕಾಗುವ ರಂಜಕ ಸಾರಜನಕಕ್ಕೆ, ಪೊಟ್ಯಾಷ್‌ಗೆ ಹೋಲಿಸಿದರೆ ತೀರಾ ಕಡಿಮೆ. ಒಂದು ಟನ್ ಹಣ್ಣಿನ ಜೊತೆ ತೋಟದಿಂದ ಹೊರಹೋಗುವ ರಂಜಕ ಸಾಮಾನ್ಯವಾಗಿ ಒಂದು ಕಿಲೋಗ್ರಾಂಗಿಂತಲೂ ಕಡಿಮೆ. ಹಾಗಿರುವಾಗ ಮಣ್ಣಿನ ಪರೀಕ್ಷೆ, ಎಲೆತೊಟ್ಟಿನ ಪರೀಕ್ಷೆ ಮಾಡಿಸದೆ ಸುಮ್ನೆ ಅಭ್ಯಾಸಬಲದಿಂದ ರಂಜಕ ಹಾಕುವುದರಲ್ಲಿ ಅರ್ಥವಿಲ್ಲ. ಇದು ನನ್ನ ಖಚಿತ ಅಭಿಪ್ರಾಯ. ದುಡ್ಡೂ ಹೋಗುತ್ತದೆ, ಬಿಟ್ಟಿಯಾಗಿ ಕೆಲಸ ಮಾಡುತ್ತಿದ್ದ ಜೊತೆಗಾರನೂ ದೂರವಾಗುತ್ತಾನೆ. ಕೊರತೆ ನಿಜವಾಗಿ ಇದ್ದರೆ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ರಂಜಕದ ಆಚೆಗೆ

ಸತು ಮತ್ತು ತಾಮ್ರ ಕೂಡ ಮಣ್ಣಿನಲ್ಲಿ ಸುಲಭವಾಗಿ ಸರಿಯುವುದಿಲ್ಲ. ಅವನ್ನೂ ಈ ಎಳೆಗಳು ತಂದುಕೊಡುತ್ತವೆ. ಸಾರಜನಕವೂ ಸ್ವಲ್ಪ ಬರುತ್ತದೆ.

ನೀರಿನ ವಿಷಯ ಇನ್ನೂ ಕುತೂಹಲದ್ದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಣ ಪ್ರದೇಶದಲ್ಲಿ, ಬೇಕೆಂದೇ ನೀರು ಕಡಿಮೆ ಕೊಟ್ಟು ಬೆಳೆಸಿದ ಕ್ಯಾಬರ್ನೆ ಸಾವಿನ್ಯೋಂ ಬಳ್ಳಿಗಳ ಬೇರನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರು ಕಡಿಮೆಯಾದಾಗ ಸಣ್ಣ ಬೇರುಗಳು ಕಡಿಮೆಯಾದವು. ಆದರೆ ಉಳಿದ ಬೇರುಗಳಲ್ಲಿ ಅರ್ಬಸ್ಕ್ಯೂಲ್‌ಗಳು ಜಾಸ್ತಿಯಾದವು. ಬೇರು ಬೆಳೆಸುವ ಖರ್ಚನ್ನು ಉಳಿಸಿ ಬಳ್ಳಿ ಶಿಲೀಂಧ್ರದ ಮೇಲೆ ಹೆಚ್ಚು ಭಾರ ಹಾಕಿತು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಹಾಗೆಂದು ಮೈಕೊರೈಝಾ ಇದ್ದರೆ ನೀರೇ ಬೇಡ ಎಂದಲ್ಲ. ಬರಗಾಲವನ್ನು ಗೆಲ್ಲಿಸುವ ಶಿಲೀಂಧ್ರ ಎಂದು ಮಾರಾಟ ಮಾಡುವವರ ಮಾತನ್ನು ಹಾಗೇ ನಂಬಬಾರದು. ಬರದಲ್ಲಿ ಬಳ್ಳಿಗೆ ಆಗುವ ಅನುಕೂಲದ ಒಂದು ಪಾಲು, ಒಣ ಮಣ್ಣಿನಲ್ಲೂ ರಂಜಕ ಸಿಗುವುದರಿಂದ ಬರುವಂಥದ್ದು.

ರೋಗದ ವಿಷಯಕ್ಕೆ ಬಂದರೆ ಕೆಲವು ಗಟ್ಟಿ ಉದಾಹರಣೆಗಳಿವೆ. ಎಳೆ ಬಳ್ಳಿಗಳ ಬುಡ ಕಪ್ಪಾಗಿ ಸಾಯಿಸುವ 'ಬ್ಲ್ಯಾಕ್ ಫುಟ್' ರೋಗಕ್ಕೆ, ಮೊದಲೇ ಮೈಕೊರೈಝಾ ಹತ್ತಿಸಿದ ಬಳ್ಳಿಗಳು ಅಷ್ಟಾಗಿ ತುತ್ತಾಗಲಿಲ್ಲ ಎಂದು ಕ್ಯಾಲಿಫೋರ್ನಿಯಾದಲ್ಲಿ 2006ರಲ್ಲಿ ತೋರಿಸಿದರು. ದ್ರಾಕ್ಷಿಯ ಫ್ಯಾನ್‌ಲೀಫ್ ವೈರಸ್ಸನ್ನು ಬೇರಿನಿಂದ ಬೇರಿಗೆ ಹರಡುವ ಜಂತುಹುಳುವಿನ ವಿರುದ್ಧವೂ ಫ್ರಾನ್ಸಿನ ಪ್ರಯೋಗಗಳಲ್ಲಿ ರಕ್ಷಣೆ ಕಂಡಿತು. ಇಲ್ಲಿ 'ಮೊದಲೇ' ಎನ್ನುವ ಮಾತು ಮುಖ್ಯ. ಶಿಲೀಂಧ್ರ ಬೇರಿನಲ್ಲಿ ನೆಲೆಸಿದ ಮೇಲೆ ಗಿಡದ ರಕ್ಷಣಾ ವ್ಯವಸ್ಥೆ ಎಚ್ಚರದಲ್ಲಿರುತ್ತದೆ. ರೋಗ ಹತ್ತಿದ ಮೇಲೆ ತಂದು ಹಾಕಿದರೆ ಔಷಧದ ಹಾಗೆ ಕೆಲಸ ಮಾಡುವುದಿಲ್ಲ.

ಮಣ್ಣಿನ ರಚನೆಗೂ ಇದರಿಂದ ಲಾಭವಿದೆ. ಎಳೆಗಳು ಮಣ್ಣಿನ ಕಣಗಳನ್ನು ಸುತ್ತಿ ಸಣ್ಣ ಸಣ್ಣ ಉಂಡೆಗಳಾಗಿ ಹಿಡಿದಿಡುತ್ತವೆ. ಇಳಿಜಾರಿನ ತೋಟದಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗದಿರಲು ಇದು ನೆರವಾಗುತ್ತದೆ. 1996ರಲ್ಲಿ ಅಮೆರಿಕದ ಸಾರಾ ರೈಟ್ ಈ ಎಳೆಗಳಿಗೆ ಸಂಬಂಧಿಸಿದ ಅಂಟಿನಂಥ ಪ್ರೋಟೀನ್ ಒಂದನ್ನು ವಿವರಿಸಿ ಗ್ಲೊಮಾಲಿನ್ ಎಂದು ಕರೆದರು. ಅದು ತುಂಬಾ ಪ್ರಸಿದ್ಧವಾಯಿತು. ಆದರೆ ಅದನ್ನು ಮಣ್ಣಿನಿಂದ ಬೇರ್ಪಡಿಸುವ ವಿಧಾನದಲ್ಲಿ ಬೇರೆ ವಸ್ತುಗಳೂ ಸೇರಿ ಬರುತ್ತವೆ. ಹಾಗಾಗಿ ಇಷ್ಟು ಗ್ಲೊಮಾಲಿನ್ ಇದೆ ಎಂಬ ಅಂಕಿಯನ್ನು ನೋಡಿ ಮೈಕೊರೈಝಾ ಎಷ್ಟಿದೆ ಎಂದು ತೀರ್ಮಾನಿಸುವುದು ಕಷ್ಟ. ಎಳೆಗಳು ಮಣ್ಣನ್ನು ಹಿಡಿದಿಡುವುದಂತೂ ನಿಜ.

1885ರ ಎರಡು ಸಂಗತಿಗಳು

ಜರ್ಮನಿಯ ಪ್ರಶ್ಯಾ ಸರ್ಕಾರಕ್ಕೆ ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸುವ ಆಸೆ ಇತ್ತು. ಆ ಕೆಲಸವನ್ನು ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅವರಿಗೆ ಒಪ್ಪಿಸಿದರು. ಟ್ರಫಲ್ ಹುಡುಕುತ್ತಾ ಹೋದ ಫ್ರಾಂಕ್, ಮರದ ಬೇರುಗಳನ್ನು ಶಿಲೀಂಧ್ರ ಹೊದ್ದುಕೊಂಡಿರುವುದನ್ನೂ ಅದರಿಂದ ಮರಕ್ಕೆ ಕೇಡಾಗದೆ ಇರುವುದನ್ನೂ ಕಂಡರು. ಮೈಕೊರೈಝಾ ಎಂಬ ಹೆಸರನ್ನು ಅವರು ಪ್ರಕಟಿಸಿದ್ದು 1885ರಲ್ಲಿ.

ಅದೇ 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಪಿಯೆರ್ ಮಿಲಾರ್ಡೆ, ಡೌನಿ ರೋಗಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣವನ್ನು ಶಿಫಾರಸು ಮಾಡಿದರು. ಅದೇ ಬೋರ್ಡೋ ದ್ರಾವಣ. ಅಮೆರಿಕದಿಂದ ಬಂದ ಡೌನಿ 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡು ತೋಟಗಳನ್ನು ಹಾಳುಗೆಡವುತ್ತಿದ್ದಾಗ ಈ ದ್ರಾವಣ ದ್ರಾಕ್ಷಿ ಬೇಸಾಯವನ್ನೇ ಉಳಿಸಿತು. ಇವತ್ತಿಗೂ ಸಾವಯವ ದ್ರಾಕ್ಷಿ ಬೆಳೆಗಾರರಿಗೆ ತಾಮ್ರ ಬಿಟ್ಟರೆ ಹೆಚ್ಚು ದಾರಿಗಳಿಲ್ಲ.

ತೊಂದರೆ ಏನೆಂದರೆ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಎಲೆಯಿಂದ ತೊಳೆದುಹೋಗಿ ಮೇಲ್ಮಣ್ಣಿನಲ್ಲಿ ಕೂರುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಸಿಂಪಡಿಸಿದ ಹಳೆಯ ತೋಟಗಳಲ್ಲಿ ಅದು ಬಹಳ ಸೇರಿಕೊಂಡಿದೆ. ತಾಮ್ರ ಮಿತಿಮೀರಿದರೆ ಬೇರಿಗೂ ಕೆಟ್ಟದ್ದು, ಎರೆಹುಳಕ್ಕೂ ಕೆಟ್ಟದ್ದು, ಮೈಕೊರೈಝಾಕ್ಕೂ ಕೆಟ್ಟದ್ದು. ತಾಮ್ರವನ್ನು ಸಹಿಸಿಕೊಳ್ಳುವ ಶಿಲೀಂಧ್ರ ತಳಿಗಳು ಅಂಥ ಮಣ್ಣಿನಲ್ಲಿ ಉಳಿದುಕೊಳ್ಳುತ್ತವೆ, ಉಳಿದವು ಕಡಿಮೆಯಾಗುತ್ತವೆ. ಐರೋಪ್ಯ ಒಕ್ಕೂಟ 2019ರಿಂದ ಒಂದು ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕಿಲೋಗ್ರಾಂ ತಾಮ್ರ ಎಂಬ ಮಿತಿ ಹಾಕಿದೆ. ವರ್ಷಕ್ಕೆ ಸರಾಸರಿ 4 ಕಿಲೋ. ಎಲೆಯ ರೋಗಾಣುವನ್ನು ಕೊಲ್ಲಲು ಹೊಡೆದದ್ದು ಬೇರಿನ ಶಿಲೀಂಧ್ರದ ಮೇಲೆ ಬೀಳುವ ಈ ಇಕ್ಕಟ್ಟಿಗೆ ಪೂರ್ತಿ ಪರಿಹಾರ ಇನ್ನೂ ಇಲ್ಲ. ರೋಗ ಮುನ್ಸೂಚನೆ ನೋಡಿ ಬೇಕಾದಾಗ ಮಾತ್ರ, ಕಡಿಮೆ ಪ್ರಮಾಣದಲ್ಲಿ ಹೊಡೆಯುವುದು, ರೋಗ ತಡೆಯುವ ತಳಿಗಳನ್ನು ಹಾಕುವುದು ಸದ್ಯದ ದಾರಿಗಳು.

ಬೇರೆ ಔಷಧಗಳಲ್ಲಿ ಎಲ್ಲವೂ ಒಂದೇ ಅಲ್ಲ. ಎಲೆಗೆ ಹೊಡೆಯುವ ಎಷ್ಟೋ ಔಷಧಗಳಿಂದ ಬೇರಿಗೆ ದೊಡ್ಡ ಪೆಟ್ಟೇನೂ ಆಗುವುದಿಲ್ಲ. ಮಣ್ಣಿಗೆ ಸುರಿಯುವ ಬೆನೊಮಿಲ್, ಕಾರ್ಬೆಂಡಜಿಂ ಗುಂಪಿನವು ಮಾತ್ರ ಅಪಾಯ. ಮೈಕೊರೈಝಾ ಇಲ್ಲದ ಮಣ್ಣು ಬೇಕಾದಾಗ ಸಂಶೋಧಕರು ಬೆನೊಮಿಲ್ ಸುರಿಯುತ್ತಿದ್ದರು ಎಂದರೆ ಅದರ ಶಕ್ತಿ ಗೊತ್ತಾಗುತ್ತದೆ. ಮಣ್ಣಿಗೆ ಹಾಯಿಸುತ್ತಿದ್ದ ಮೀಥೈಲ್ ಬ್ರೋಮೈಡ್ ಹೊಗೆ ಇನ್ನೂ ಕ್ರೂರ. ಓಝೋನ್ ಪದರಕ್ಕೆ ಹಾನಿ ಎಂದು ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ನಿಲ್ಲಿಸುತ್ತಾ ಬಂದರು.

ಸಾಲುಗಳ ನಡುವೆ ಏನಿದೆ?

ಬಳ್ಳಿಗಳ ನಡುವಿನ ನೆಲವನ್ನು ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಇಟ್ಟುಕೊಳ್ಳುವುದನ್ನು ಅಚ್ಚುಕಟ್ಟು ಎಂದು ತಿಳಿಯುವವರು ಬಹಳ. ಶಿಲೀಂಧ್ರದ ಕಡೆಯಿಂದ ನೋಡಿದರೆ ಅದು ಹಸಿವಿನ ನೆಲ. ಜೀವಂತ ಬೇರಿಲ್ಲದ ಕಡೆ ಅದಕ್ಕೆ ಊಟವಿಲ್ಲ. ಬಳ್ಳಿಯ ಎಲೆ ಉದುರಿ ನಿಂತ ಕಾಲದಲ್ಲೂ ಸಾಲಿನ ನಡುವೆ ಹಸಿರಿದ್ದರೆ ಎಳೆಗಳ ಜಾಲ ಬದುಕಿರುತ್ತದೆ. ವಸಂತದಲ್ಲಿ ಬಳ್ಳಿಯ ಹೊಸ ಬೇರು ಬಂದಾಗ ಹತ್ತಿಕೊಳ್ಳಲು ಸಿದ್ಧವಾಗಿರುತ್ತದೆ.

ಹಾಗಂತ ಎಲ್ಲ ಹೊದಿಕೆ ಬೆಳೆಯೂ ಆಗುವುದಿಲ್ಲ. ಓಟ್ಸ್, ಬಾರ್ಲಿ, ಕ್ಲೋವರ್, ಅಲಸಂದೆಯಂಥವು ಮೈಕೊರೈಝಾಕ್ಕೆ ಆಶ್ರಯ ಕೊಡುತ್ತವೆ. ಸಾಸಿವೆ, ಮೂಲಂಗಿ ಜಾತಿಯವು ಕೊಡುವುದಿಲ್ಲ. ಪಾಲಕ್, ಬೀಟ್‌ರೂಟ್ ಕುಟುಂಬದಲ್ಲೂ ಬಹುತೇಕ ಗಿಡಗಳು ಹಾಗೇ. ಜಂತುಹುಳು ಕಡಿಮೆಯಾಗಲಿ ಎಂದು ಸಾಸಿವೆ ಬಿತ್ತುವುದಾದರೆ ಜೊತೆಗೆ ಹುಲ್ಲು ಅಥವಾ ದ್ವಿದಳ ಧಾನ್ಯವನ್ನೂ ಬೆರೆಸುವುದು ಜಾಣತನ. ಇನ್ನೊಂದು ಎಚ್ಚರಿಕೆ: ನೀರು ಕಡಿಮೆ ಇರುವ ಕಡೆ ಹೊದಿಕೆ ಬೆಳೆ ಬಳ್ಳಿಯ ನೀರಿಗೇ ಪೈಪೋಟಿ ಕೊಡುತ್ತದೆ. ಅಲ್ಲಿ ಸರಿಯಾದ ಸಮಯಕ್ಕೆ ಕತ್ತರಿಸಿ ನೆಲದ ಮೇಲೇ ಹಾಸಬೇಕು, ಮಗುಚಿ ಉಳಬಾರದು. ಉಳುಮೆ ಎಳೆಗಳ ಜಾಲವನ್ನು ಹರಿದುಹಾಕುತ್ತದೆ. ಒಂದು ಸಲ ಉತ್ತರೆ ಚೇತರಿಸಿಕೊಳ್ಳುತ್ತದೆ, ಮತ್ತೆ ಮತ್ತೆ ಆಳಕ್ಕೆ ಉತ್ತರೆ ಸೊರಗುತ್ತದೆ.

ಕಳೆನಾಶಕದ ಬಗ್ಗೆ ಆಸ್ಟ್ರಿಯಾದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಕಳೆನಾಶಕ ಹೊಡೆದ ಕಡೆ ಬಳ್ಳಿಯ ಬೇರಿನಲ್ಲಿದ್ದ ಮೈಕೊರೈಝಾ, ಯಂತ್ರದಿಂದ ಕಳೆ ತೆಗೆದ ಕಡೆಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿಯ ಮಣ್ಣು, ಅಲ್ಲಿಯ ಹವೆಯ ಫಲಿತಾಂಶ ಅದು, ಎಲ್ಲ ಕಡೆ ಅಷ್ಟೇ ಎಂದು ಹೇಳಲಾಗದು. ಆದರೂ ಬಳ್ಳಿಯ ಬುಡದ ಸಾಲನ್ನು ವರ್ಷವಿಡೀ ಬೋಳಾಗಿಡುವ ಮೊದಲು ಯೋಚಿಸಬೇಕಾದ ವಿಷಯ.

ಹೊದಿಕೆ ಬೆಳೆಯಿಂದ ಬಳ್ಳಿಗೆ ಶಿಲೀಂಧ್ರದ ಮೂಲಕ ಆಹಾರ ಹರಿಯುತ್ತದೆಯೇ? ಸಾಮಾನ್ಯಕ್ಕಿಂತ ಭಾರವಾದ ಸಾರಜನಕದ ಪರಮಾಣುಗಳನ್ನು ಗುರುತಾಗಿ ಬಳಸಿ 2004ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಪರೀಕ್ಷಿಸಿದಾಗ, ಹೊದಿಕೆ ಬೆಳೆಗೆ ಕೊಟ್ಟ ಸಾರಜನಕ ಸ್ವಲ್ಪ ಮಟ್ಟಿಗೆ ಬಳ್ಳಿಯಲ್ಲಿ ಸಿಕ್ಕಿತು. ಪ್ರಮಾಣ ಚಿಕ್ಕದು. ಗಿಡಗಳೆಲ್ಲ ನೆಲದಡಿಯ ಜಾಲದ ಮೂಲಕ ಮಾತಾಡಿಕೊಳ್ಳುತ್ತವೆ, ಒಂದಕ್ಕೊಂದು ಉಣಿಸುತ್ತವೆ ಎಂಬ ಕಥೆಗಳನ್ನು ಇದರ ಮೇಲೆ ಕಟ್ಟಬಾರದು. ಕಾಡಿನ ಮರಗಳ ಬಗ್ಗೆ ಹರಡಿರುವ ಅಂಥ ಮಾತುಗಳಿಗೆ ಸಾಕಷ್ಟು ಪುರಾವೆ ಇಲ್ಲ ಎಂದು 2023ರಲ್ಲಿ ಇದೇ ಕ್ಷೇತ್ರದ ವಿಜ್ಞಾನಿಗಳು ಬರೆದಿದ್ದಾರೆ.

ಪ್ಯಾಕೆಟ್ ಯಾವಾಗ ಬೇಕು?

ಎಲ್ಲ ತೋಟಕ್ಕೂ ಬೇಡ. ಹಳೆಯ ತೋಟ, ಹುಲ್ಲಿರುವ ನೆಲ, ಸುತ್ತ ಗಿಡಗಂಟಿ ಇರುವ ಜಾಗ, ಇಲ್ಲೆಲ್ಲ ಸ್ಥಳೀಯ ಶಿಲೀಂಧ್ರಗಳು ಮೊದಲೇ ನೆಲೆಸಿರುತ್ತವೆ. ಹೊರಗಿನಿಂದ ತಂದದ್ದು ಅವುಗಳ ಎದುರು ನಿಲ್ಲುವುದು ಕಷ್ಟ. ಬೇಕಾಗುವುದು ಬೇರೆ ಕಡೆ: ಮಣ್ಣಿಗೆ ಹೊಗೆ ಹಾಯಿಸಿದ್ದರೆ, ಜೆಸಿಬಿಯಿಂದ ಸಮತಟ್ಟು ಮಾಡಿ ಮೇಲ್ಮಣ್ಣೆಲ್ಲ ಹೋಗಿ ಅಡಿಮಣ್ಣು ಮೇಲೆ ಬಂದಿದ್ದರೆ, ಬಹಳ ಕಾಲ ಪಾಳು ಬಿಟ್ಟು ಬೋಳಾಗಿದ್ದರೆ, ನರ್ಸರಿಯಲ್ಲಿ ಮಣ್ಣಿಲ್ಲದ ಮಾಧ್ಯಮದಲ್ಲಿ ಸಸಿ ಬೆಳೆಸುತ್ತಿದ್ದರೆ.

ಕೊಳ್ಳುವುದಾದರೆ ಒಂದು ವಿಷಯ ಗಮನಿಸಿ. ಬೇರೆ ಬೇರೆ ದೇಶಗಳಲ್ಲಿ ಮಾರಾಟದ ಪ್ಯಾಕೆಟ್‌ಗಳನ್ನು ಪರೀಕ್ಷಿಸಿದಾಗ, ಎಷ್ಟೋ ಪ್ಯಾಕೆಟ್‌ಗಳಲ್ಲಿ ಬೇರಿಗೆ ಹತ್ತುವಂಥ ಜೀವಂತ ಶಿಲೀಂಧ್ರವೇ ಇರಲಿಲ್ಲ. ಕೆಲವದರಲ್ಲಿ ಗೊಬ್ಬರ ಬೆರೆಸಿರುತ್ತಾರೆ, ಗಿಡ ಹಸಿರಾದರೆ ಅದು ಗೊಬ್ಬರದ ಕೆಲಸವೂ ಆಗಿರಬಹುದು. ತಯಾರಾದ ದಿನಾಂಕ ನೋಡಬೇಕು, ಬಿಸಿಲಲ್ಲಿಟ್ಟದ್ದನ್ನು ತರಬಾರದು. ಹಾಕುವಾಗ ಬೇರಿಗೆ ತಾಗುವಂತೆ ನಾಟಿ ಗುಂಡಿಯಲ್ಲೇ ಹಾಕಬೇಕು. ಹತ್ತು ವರ್ಷದ ಬಳ್ಳಿಯ ಬುಡದಲ್ಲಿ ಮಣ್ಣಿನ ಮೇಲೆ ಚೆಲ್ಲಿದರೆ ಬೇರು ಸಿಗುವ ಅವಕಾಶ ತೀರಾ ಕಡಿಮೆ.

ಸ್ವಂತವಾಗಿ ಹೆಚ್ಚಿಸಿಕೊಳ್ಳುವ ದಾರಿಯೂ ಇದೆ. ಅಮೆರಿಕದಲ್ಲಿ ಕಾಂಪೋಸ್ಟ್ ಮತ್ತು ವರ್ಮಿಕ್ಯುಲೈಟ್ ತುಂಬಿದ ಚೀಲಗಳಲ್ಲಿ ಬಹಿಯಾ ಹುಲ್ಲು ಬೆಳೆಸಿ, ಅದರ ಬೇರಿನಲ್ಲಿ ಶಿಲೀಂಧ್ರ ಹೆಚ್ಚಿಸಿ, ರೈತರೇ ಬಳಸುವ ವಿಧಾನವನ್ನು ರೂಪಿಸಿದ್ದಾರೆ. ಮುಸುಕಿನ ಜೋಳದ ಬೇರಿನಲ್ಲೂ ಇದು ಚೆನ್ನಾಗಿ ಹೆಚ್ಚುತ್ತದೆ. ಆದರೆ ಹಳೆಯ ದ್ರಾಕ್ಷಿ ತೋಟದ ಮಣ್ಣನ್ನೇ ಹೊತ್ತು ತಂದು ಹೊಸ ತೋಟಕ್ಕೆ ಹಾಕುವುದು ಬೇಡ. ಶಿಲೀಂಧ್ರದ ಜೊತೆ ಜಂತುಹುಳು, ಬೇರು ರೋಗಗಳೂ ಬರುತ್ತವೆ.

ರೂಟ್‌ಸ್ಟಾಕ್, ಅಂದರೆ ಕಸಿ ಬಳ್ಳಿಯ ಬೇರಿನ ಭಾಗ, ಅದೂ ಲೆಕ್ಕಕ್ಕೆ ಬರುತ್ತದೆ. 1860ರ ದಶಕದಲ್ಲಿ ಫಿಲಾಕ್ಸೆರಾ ಕೀಟ ಯೂರೋಪಿನ ತೋಟಗಳನ್ನು ನುಂಗತೊಡಗಿದ ಮೇಲೆ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟುವುದು ರೂಢಿಯಾಯಿತು. ಹಾಗಾಗಿ ಶಿಲೀಂಧ್ರದ ಜೊತೆ ವ್ಯವಹರಿಸುವ ಬೇರು ಹಣ್ಣು ಕೊಡುವ ತಳಿಯದ್ದಲ್ಲ, ರೂಟ್‌ಸ್ಟಾಕ್‌ನದ್ದು. ಒಂದೊಂದು ರೂಟ್‌ಸ್ಟಾಕ್‌ನಲ್ಲಿ ಶಿಲೀಂಧ್ರ ಹತ್ತುವ ಪ್ರಮಾಣ ಬೇರೆ ಬೇರೆ. ಮೇಲಿನ ಬಳ್ಳಿಯ ಹೊರೆಯೂ ಪರಿಣಾಮ ಬೀರುತ್ತದೆ, ಯಾಕೆಂದರೆ ಶಿಲೀಂಧ್ರದ ಊಟ ಬರುವುದು ಎಲೆಯಿಂದ.

ಕೊನೆಯದಾಗಿ ವೈನಿನ ರುಚಿ. ಮಣ್ಣಿನ ಶಿಲೀಂಧ್ರವೇ ಒಂದು ತೋಟದ ವೈನಿಗೆ ಅದರದೇ ಆದ ರುಚಿ ಕೊಡುತ್ತದೆ ಎಂದು ಹೇಳುವವರಿದ್ದಾರೆ. ಮೈಕೊರೈಝಾ ಇದ್ದಾಗ ಬಳ್ಳಿಯ ಎಲೆಯಲ್ಲಿ ಕೆಲವು ರಕ್ಷಣಾ ರಾಸಾಯನಿಕಗಳು ಬದಲಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಬೇರಿನ ಶಿಲೀಂಧ್ರದಿಂದ ಲೋಟದ ರುಚಿಯವರೆಗೆ ನೇರ ದಾರಿಯನ್ನು ಯಾರೂ ತೋರಿಸಿಲ್ಲ. ತೋಟದಲ್ಲಿ ಇದರ ಲಾಭವನ್ನು ನಂಬಿ ಹಣ ಹಾಕುವ ಮೊದಲು ಕೆಲವು ಸಾಲಿಗೆ ಹಾಕಿ, ಪಕ್ಕದ ಅಷ್ಟೇ ಸಾಲುಗಳನ್ನು ಹಾಗೇ ಬಿಡಿ. ಗೊಬ್ಬರ, ನೀರು ಎರಡಕ್ಕೂ ಒಂದೇ ಇರಲಿ. ಎಳೆ ಬಳ್ಳಿಯಾದರೆ ಮೊದಲ ಎರಡು ವರ್ಷದ ಕಾಂಡದ ದಪ್ಪ, ಎಲೆತೊಟ್ಟಿನ ರಂಜಕ ಮತ್ತು ಸತು, ಸಾಧ್ಯವಾದರೆ ಬಣ್ಣ ಹಾಕಿದ ಬೇರಿನಲ್ಲಿ ಅರ್ಬಸ್ಕ್ಯೂಲ್‌ಗಳ ಪ್ರಮಾಣ, ಈ ಮೂರನ್ನೂ ಎರಡೂ ಕಡೆ ಅಳೆದರೆ ಆ ಮಣ್ಣಿಗೆ ಹೊರಗಿನ ಶಿಲೀಂಧ್ರ ಬೇಕಿತ್ತೋ ಇಲ್ಲವೋ ಎಂದು ಗೊತ್ತಾಗುತ್ತದೆ.